ಐದು ಲಕ್ಷದ ಪಾಲಿಸಿ ಪೂರ್ತಿ ಐದು ಲಕ್ಷ ಕೊಡದಿರುವುದೇಕೆ?

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಹಾಕೋಣ, ಆಮೇಲೆ ಮಾತು.

ಒಬ್ಬರ ಬಳಿ ಐದು ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದೆ ಅಂದುಕೊಳ್ಳಿ. ಕೋಣೆ ಬಾಡಿಗೆಗೆ ವಿಮಾ ಮೊತ್ತದ ಶೇ. 1ರಷ್ಟು, ಅಂದರೆ ದಿನಕ್ಕೆ 5,000 ರೂಪಾಯಿ ಮಿತಿ ಎಂದು ಪಾಲಿಸಿಯಲ್ಲಿ ಬರೆದಿದೆ. ಆಸ್ಪತ್ರೆಗೆ ಸೇರಿದಾಗ ಅವರು ದಿನಕ್ಕೆ 8,000 ರೂಪಾಯಿಯ ಕೋಣೆ ತೆಗೆದುಕೊಂಡು ಐದು ದಿನ ಇದ್ದರು. ಬಿಲ್ಲು ಒಟ್ಟು ಮೂರು ಲಕ್ಷ. ಕೋಣೆಗೆ 40,000, ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರು, ನರ್ಸಿಂಗು ಸೇರಿ 1,60,000, ಔಷಧ, ಪರೀಕ್ಷೆ, ಇಂಪ್ಲಾಂಟಿಗೆ 1,00,000. ಕೋಣೆಯ ಹೆಚ್ಚುವರಿ 15,000 ತಾನೇ, ಅಷ್ಟು ಕೈಯಿಂದ ಹಾಕಿದರಾಯಿತು ಎಂದು ಅವರ ಎಣಿಕೆ. ಆದರೆ ಕೈಯಿಂದ ಹೋದದ್ದು 75,000.

ಹೇಗೆ ಅಂದರೆ, ಬಹಳಷ್ಟು ಆಸ್ಪತ್ರೆಗಳಲ್ಲಿ ಕೋಣೆಯ ದರ್ಜೆ ಏರಿದ ಹಾಗೆ ಡಾಕ್ಟರ ಶುಲ್ಕ, ಥಿಯೇಟರ್ ಬಾಡಿಗೆ ಎಲ್ಲವೂ ಏರುತ್ತವೆ. ಅದಕ್ಕೇ ವಿಮಾ ಕಂಪನಿ ಕೋಣೆಯನ್ನು ಮಾತ್ರ ಕತ್ತರಿಸಿ ಸುಮ್ಮನಾಗುವುದಿಲ್ಲ. 8,000ಕ್ಕೆ 5,000 ಅಂದರೆ ಶೇ. 62.5. ಇದೇ ಅನುಪಾತವನ್ನು ಆ 1,60,000ಕ್ಕೂ ಹಾಕುತ್ತದೆ. ಅದು ಒಂದು ಲಕ್ಷಕ್ಕೆ ಇಳಿಯುತ್ತದೆ. ಕೋಣೆಗೆ 25,000, ಶುಲ್ಕಗಳಿಗೆ ಒಂದು ಲಕ್ಷ, ಔಷಧ-ಪರೀಕ್ಷೆಗೆ ಒಂದು ಲಕ್ಷ, ಒಟ್ಟು 2,25,000. ಔಷಧ, ಬಳಸಿ ಬಿಸಾಡುವ ವಸ್ತು, ಇಂಪ್ಲಾಂಟು, ಲ್ಯಾಬ್ ಪರೀಕ್ಷೆ, ಐಸಿಯು ಶುಲ್ಕ ಇವಕ್ಕೆ ಈ ಅನುಪಾತದ ಕತ್ತರಿ ಹಾಕುವಂತಿಲ್ಲ. ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೇಳಿರುವ ಮಾತು ಇದು. ಕೋಣೆ ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಲ್ಲೂ ಹಾಗೆ ಕಡಿತ ಮಾಡುವಂತಿಲ್ಲ. ಕಡಿತದ ಪಟ್ಟಿ ಕೈಗೆ ಬಂದಾಗ ಈ ಎರಡನ್ನು ಪರೀಕ್ಷಿಸಿ. ತಪ್ಪಿದ್ದರೆ ಬರವಣಿಗೆಯಲ್ಲಿ ಕೇಳಿ.

ವಿಮಾ ಮೊತ್ತ ಐದು ಲಕ್ಷ, ಬಿಲ್ಲು ಮೂರು ಲಕ್ಷ, ಮೊತ್ತ ಇನ್ನೂ ಉಳಿದೇ ಇತ್ತು. ಆದರೂ ದುಡ್ಡು ಕೈಯಿಂದ ಹೋಯಿತು. ಪಾಲಿಸಿ ಕೊಳ್ಳುವಾಗ ನಾವೆಲ್ಲ ಕೇಳುವುದು ‘ಎಷ್ಟು ಲಕ್ಷದ್ದು, ಪ್ರೀಮಿಯಂ ಎಷ್ಟು’ ಎಂಬ ಎರಡೇ ಪ್ರಶ್ನೆ. ಕ್ಲೇಮಿನ ದಿನ ಕೆಲಸಕ್ಕೆ ಬರುವುದು ಬೇರೆಯೇ: ಯಾವ ಕೋಣೆ, ಯಾವ ಕಾಯಿಲೆಗೆ ಎಷ್ಟು ಕಾಯಬೇಕು, ಅರ್ಜಿಯಲ್ಲಿ ಏನು ಬರೆದಿದ್ದೀರಿ. ಇವತ್ತಿನ ಮಾತೆಲ್ಲ ಇವುಗಳ ಸುತ್ತಲೇ.

ಖಾಸಗಿ ಪಾಲಿಸಿಗೆ ಹೋಗುವ ಮುಂಚೆ ಸರ್ಕಾರದ್ದು ಏನು ಸಿಗುತ್ತದೆ ನೋಡಿಬಿಡಿ. ಕರ್ನಾಟಕದಲ್ಲಿ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಚಿಕಿತ್ಸೆ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡು ತೋರಿಸಿದರೆ ಆಗುವುದಿಲ್ಲ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಅದರ ನೋಂದಣಿ ಗೊತ್ತುಪಡಿಸಿದ ಅವಧಿಯಲ್ಲಿ ಮಾತ್ರ, ತಪ್ಪಿದರೆ ಮುಂದಿನ ಸಲದ ತನಕ ಕಾಯಬೇಕು.

ಈಗ ಒಬ್ಬರಿಗೆ ಒಂದು ಪಾಲಿಸಿಯೋ, ಮನೆಗೆಲ್ಲ ಸೇರಿ ಒಂದು ಫ್ಲೋಟರೋ ಎಂಬ ಪ್ರಶ್ನೆ. ಫ್ಲೋಟರ್ ಅಂದರೆ ಹತ್ತು ಲಕ್ಷದ ಒಂದೇ ಗಂಟು. ಮನೆಯ ಯಾರು ಬೇಕಾದರೂ ಅದರಿಂದ ತೆಗೆಯಬಹುದು, ಒಬ್ಬರು ಎಂಟು ತೆಗೆದರೆ ಉಳಿದವರಿಗೆಲ್ಲ ಸೇರಿ ಎರಡೇ. ಗಂಡ, ಹೆಂಡತಿ, ಚಿಕ್ಕ ಮಕ್ಕಳ ಮನೆಗೆ ಇದು ಸರಿ, ಅಗ್ಗವೂ ಹೌದು. ವಯಸ್ಸಾದ ತಂದೆ ತಾಯಿಯನ್ನು ಅದೇ ಪಾಲಿಸಿಗೆ ಸೇರಿಸುವುದು ಮಾತ್ರ ತಪ್ಪು ಲೆಕ್ಕ. ಫ್ಲೋಟರಿನ ಪ್ರೀಮಿಯಂ ನಿಲ್ಲುವುದು ಬಹುತೇಕ ಅದರಲ್ಲಿರುವ ಅತಿ ಹಿರಿಯರ ವಯಸ್ಸಿನ ಮೇಲೆ. ಅಪ್ಪನಿಗೆ ಅರವತ್ತೆಂಟಾಗಿದ್ದರೆ ಮೂವತ್ತೈದರ ಮಗ, ಸೊಸೆ, ಮೊಮ್ಮಗು ಎಲ್ಲರ ಬೆಲೆಯೂ ಅವರ ಹಿಂದೆ ಓಡುತ್ತದೆ. ಕ್ಲೇಮಾಗುವ ಸಾಧ್ಯತೆಯೂ ಅವರದೇ ಹೆಚ್ಚು. ಗಂಟು ಖಾಲಿಯಾಗುವುದೂ ಹಾಗೆಯೇ. ಅವರಿಗೆ ಬೇರೆ ಪಾಲಿಸಿ ಮಾಡಿ. ಅರವತ್ತೈದು ದಾಟಿದವರಿಗೆ ಹೊಸ ಪಾಲಿಸಿಯೇ ಇಲ್ಲ ಎಂದು ಯಾರಾದರೂ ಹೇಳಿದರೆ ಅದು ಹಳೆಯ ಮಾತು. 2024ರ ನಿಯಮಗಳು ಬಂದ ಮೇಲೆ ಕಂಪನಿಗಳು ಎಲ್ಲ ವಯಸ್ಸಿನವರಿಗೂ ಪಾಲಿಸಿ ತರಬೇಕು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಐಆರ್‌ಡಿಎಐ ಜೊತೆ ಮೊದಲೇ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಸೂಚನೆಯೂ ಬಂದಿದೆ. ಸಿಗುವ ಪಾಲಿಸಿಯಲ್ಲಿ ಕೋ-ಪೇ ಇರುವ ಸಂಭವ ಹೆಚ್ಚು. ಶೇ. 20 ಕೋ-ಪೇ ಅಂದರೆ ಮಂಜೂರಾದ ಪ್ರತಿ ಲಕ್ಷದಲ್ಲಿ 20,000 ನಿಮ್ಮದು. ಇದನ್ನು ಮನೆಯ ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ.

ಮೊತ್ತ ಹೆಚ್ಚಿಸಬೇಕು, ಪ್ರೀಮಿಯಂ ಭಾರ ಆಗಬಾರದು ಎನ್ನುವವರಿಗೆ ಸೂಪರ್ ಟಾಪ್-ಅಪ್ ಇದೆ. ಟಾಪ್-ಅಪ್ ಬೇರೆ, ಸೂಪರ್ ಟಾಪ್-ಅಪ್ ಬೇರೆ. ಎರಡರಲ್ಲೂ ಡಿಡಕ್ಟಿಬಲ್ ಐದು ಲಕ್ಷ ಎಂದಿಟ್ಟುಕೊಳ್ಳಿ, ಅಂದರೆ ಮೊದಲ ಐದು ಲಕ್ಷ ಅವರದಲ್ಲ. ಒಂದೇ ವರ್ಷದಲ್ಲಿ ನಾಲ್ಕು ನಾಲ್ಕು ಲಕ್ಷದ ಎರಡು ಬಿಲ್ಲು ಬಂತು. ಬರೀ ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ: ಎರಡೂ ಐದರ ಒಳಗೆ, ಕೊಡುವುದು ಸೊನ್ನೆ. ಸೂಪರ್ ಟಾಪ್-ಅಪ್ ವರ್ಷದ ಒಟ್ಟು ನೋಡುತ್ತದೆ: ಎಂಟರಲ್ಲಿ ಐದು ಕಳೆದು ಮೂರು ಲಕ್ಷ ಕೊಡುತ್ತದೆ. ಕೊಳ್ಳುವುದಾದರೆ ಸೂಪರ್ ಇರುವುದನ್ನೇ ಕೊಳ್ಳಿ. ಕೋಣೆ ಮಿತಿಯಿಲ್ಲದ ಐದೋ ಹತ್ತೋ ಲಕ್ಷದ ಮೂಲ ಪಾಲಿಸಿ, ಅದರ ಮೇಲೆ ಅಷ್ಟೇ ಡಿಡಕ್ಟಿಬಲಿನ ಸೂಪರ್ ಟಾಪ್-ಅಪ್, ಈ ಜೋಡಿ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಕೋಣೆ ಮಿತಿ, ಕಾಯಿಲೆವಾರು ಮಿತಿ ಇರುವ ಇಪ್ಪತ್ತು ಲಕ್ಷದ ಪಾಲಿಸಿಗಿಂತ ಮಿತಿಗಳಿಲ್ಲದ ಹತ್ತು ಲಕ್ಷದ್ದು ಮೇಲು. ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿನೊಂದಿಗೆ ಸಿಗುವ ‘ಆರೋಗ್ಯ ಸಂಜೀವನಿ’ 2020ರಿಂದ ಇದೆ. ಅದನ್ನು ಹೋಲಿಕೆಯ ಅಳತೆಗೋಲಾಗಿ ಇಟ್ಟುಕೊಳ್ಳಬಹುದು: ಶೇ. 5 ಕೋ-ಪೇ, ಕೋಣೆಗೆ ಮೊತ್ತದ ಶೇ. 2 ಆದರೆ ದಿನಕ್ಕೆ 5,000 ಮೀರದಂತೆ, ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಹೆಚ್ಚೆಂದರೆ 40,000. ಬೇರೆ ಪಾಲಿಸಿ ಇದಕ್ಕಿಂತ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು.

ತೆರಿಗೆಯ ವಿಷಯ ಎರಡೇ ಮಾತಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಲೋಟರ್ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ, ಸಂಸ್ಥೆ ತನ್ನ ನೌಕರರಿಗೆಲ್ಲ ಸೇರಿ ಕೊಳ್ಳುವ ಗುಂಪು ಪಾಲಿಸಿಗೆ ಶೇ. 18 ಇದ್ದೇ ಇದೆ. ಆದಾಯ ತೆರಿಗೆಯಲ್ಲಿ ‘80ಡಿ’ ಎಂದೇ ಹೆಸರಾದ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಕಾಯುವ ಅವಧಿಗೆ ಬರೋಣ. ಹೆಚ್ಚು ಜಗಳ ಹುಟ್ಟುವ ಜಾಗ ಇದು. ಪಾಲಿಸಿ ಶುರುವಾದ ದಿನ ಮೂರು ಗಡಿಯಾರ ಒಟ್ಟಿಗೆ ಓಡಲು ತೊಡಗುತ್ತವೆ. ಮೊದಲನೆಯದು 30 ದಿನದ್ದು. ಅಪಘಾತ ಬಿಟ್ಟು ಬೇರಾವ ಕಾಯಿಲೆಗೂ ಆಗ ಕ್ಲೇಮಿಲ್ಲ. ಎರಡನೆಯದು ಪಟ್ಟಿಯಲ್ಲಿ ಹೆಸರಿಸಿದ ಕಾಯಿಲೆಗಳದ್ದು: ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲು, ಮಂಡಿ ಬದಲಾವಣೆ ಇಂಥವು. ಸಾಮಾನ್ಯವಾಗಿ ಎರಡು ವರ್ಷ, ಕೆಲವಕ್ಕೆ ಮೂರು. ಆ ಕಾಯಿಲೆ ಪಾಲಿಸಿ ಕೊಂಡ ಮೇಲೆಯೇ ಬಂದಿದ್ದರೂ ಅಷ್ಟು ಕಾಯಲೇಬೇಕು. ‘ಮೊದಲು ಇರಲಿಲ್ಲವಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಮೂರನೆಯದು ಮೊದಲಿಂದಲೇ ಇದ್ದ ಕಾಯಿಲೆಯದು. ಪಾಲಿಸಿಗೆ ಮುಂಚಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ ಅಥವಾ ಚಿಕಿತ್ಸೆ ಕೊಟ್ಟ ಕಾಯಿಲೆ ಈ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಹಿಂದೆ 48 ತಿಂಗಳವರೆಗೆ ಕಾಯಿಸಬಹುದಿತ್ತು, 2024ರ ಏಪ್ರಿಲಿನಿಂದ 36ಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಹೆರಿಗೆಗೆ ಬೇರೆಯೇ ಅವಧಿ. ಮದುವೆಯಾದ ಮೇಲೆ ನೋಡೋಣ ಎಂದು ಕೂತರೆ ತಡವಾಗುತ್ತದೆ.

ಈ ಗಡಿಯಾರಗಳು ನಿಲ್ಲದೆ ಓಡಬೇಕಾದರೆ ಪಾಲಿಸಿ ನಡುವೆ ಹರಿಯಬಾರದು. ಗಡುವು ಮುಗಿದ ಮೇಲೂ ವಾರ್ಷಿಕ ಪ್ರೀಮಿಯಂ ಕಟ್ಟಲು 30 ದಿನ, ತಿಂಗಳ ಕಂತಿನವರಿಗೆ 15 ದಿನ ರಿಯಾಯಿತಿ ಇದೆ. ಅಷ್ಟರಲ್ಲಿ ಕಟ್ಟಿದರೆ ಕಾದ ವರ್ಷಗಳು ಉಳಿಯುತ್ತವೆ. ಆದರೆ ವಾರ್ಷಿಕ ಪಾಲಿಸಿ ಮುಗಿದ ದಿನಕ್ಕೂ ಕಟ್ಟಿದ ದಿನಕ್ಕೂ ನಡುವೆ ಆಸ್ಪತ್ರೆ ಸೇರಿದರೆ ಆ ಖರ್ಚು ಸಿಗುವುದಿಲ್ಲ. ರಿಯಾಯಿತಿ ದಿನವೆಂದರೆ ರಕ್ಷಣೆಯ ದಿನ ಎಂದು ತಿಳಿದು ಕೊನೆಯ ವಾರ ಕಾಯುವವರು ಎಡವುವುದು ಇಲ್ಲೇ. ಕಂಪನಿ ಬದಲಿಸಬೇಕೆಂದಿದ್ದರೆ ಪೋರ್ಟ್ ಮಾಡಿ, ಅಂದರೆ ಇರುವ ಪಾಲಿಸಿಯನ್ನೇ ಹೊಸ ಕಂಪನಿಗೆ ವರ್ಗಾಯಿಸಿ, ಹೊಸದಾಗಿ ಕೊಳ್ಳಬೇಡಿ. ನವೀಕರಣಕ್ಕೆ ಕನಿಷ್ಠ 45 ದಿನ ಮುಂಚೆ ಅರ್ಜಿ ಹಾಕುವುದು ಕ್ಷೇಮ. ಹಳೆಯ ಮೊತ್ತದ ಮಟ್ಟಿಗೆ ಕಾದ ಅವಧಿ ಜೊತೆಗೇ ಬರುತ್ತದೆ. ಹೆಚ್ಚಿಸಿದ ಮೊತ್ತಕ್ಕೆ ಮಾತ್ರ ಗಡಿಯಾರ ಮತ್ತೆ ಸೊನ್ನೆಯಿಂದ. ಹೊಸ ಕಂಪನಿ ಒಪ್ಪಿ ಪತ್ರ ಕೊಡುವ ತನಕ ಹಳೆಯದನ್ನು ಬಿಡಬೇಡಿ, ಏಕೆಂದರೆ ಆರೋಗ್ಯ ನೋಡಿ ಬೇಡ ಎನ್ನುವ ಹಕ್ಕು ಅವರಿಗಿದೆ.

ಇನ್ನು ಅರ್ಜಿ. ಅದನ್ನು ತುಂಬುವವರು ಯಾರು? ಹೆಚ್ಚಿನ ಸಲ ಏಜೆಂಟರು, ಫೋನಿನಲ್ಲಿ ಕೇಳಿಕೊಂಡು, ಆರೋಗ್ಯದ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಎಂದು ಒತ್ತಿ. ಸಹಿ ಅಥವಾ ಓಟಿಪಿ ಮಾತ್ರ ನಿಮ್ಮದು. ಎರಡು ವರ್ಷದ ನಂತರ ಹೃದಯದ ತೊಂದರೆಯಾಗಿ ಸೇರಿದಾಗ ಕಂಪನಿ ಹಳೆಯ ಚೀಟಿಗಳನ್ನು ಕೇಳುತ್ತದೆ, ಬಿಪಿ ಮಾತ್ರೆ ಸಿಗುತ್ತದೆ, ಕ್ಲೇಮು ಬಿದ್ದುಹೋಗುತ್ತದೆ. ಪಾಲಿಸಿಯೇ ರದ್ದಾಗಲೂಬಹುದು. ಬಿಪಿ, ಶುಗರ್, ಥೈರಾಯ್ಡ್, ಹಳೆಯ ಆಪರೇಷನ್ನು, ದಿನಾ ನುಂಗುವ ಮಾತ್ರೆ ಎಲ್ಲವನ್ನೂ ಬರೆಸಿ. ಪ್ರೀಮಿಯಂ ಸ್ವಲ್ಪ ಏರಬಹುದು, ಮೂರು ವರ್ಷ ಕಾಯಬೇಕಾಗಬಹುದು. ಮುಚ್ಚಿಟ್ಟು ಹತ್ತು ವರ್ಷ ಕಟ್ಟಿ ಕಳೆದುಕೊಳ್ಳುವುದಕ್ಕಿಂತ ಅದು ಅಗ್ಗ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ‘ಫ್ರೀ ಲುಕ್’ ಅವಧಿ, ಅಂದರೆ ಓದಿ ನೋಡಿ ಬೇಡವೆನಿಸಿದರೆ ಹಿಂದಿರುಗಿಸಬಹುದಾದ ದಿನಗಳು. ಆಗ ಮಾಡಬೇಕಾದ್ದು ಒಂದೇ: ಜೊತೆಗೆ ಬಂದಿರುವ ಅರ್ಜಿಯ ಪ್ರತಿಯನ್ನು ತೆಗೆದು ಪ್ರತಿ ಉತ್ತರವನ್ನೂ ಓದುವುದು. ತಪ್ಪಿದ್ದರೆ ಇಮೇಲ್ ಬರೆದು ತಿದ್ದಿಸಿ. ಷರತ್ತುಗಳ ಸಾರಾಂಶ ಇರುವ ಗ್ರಾಹಕ ಮಾಹಿತಿ ಪತ್ರವನ್ನೂ ಕಂಪನಿ ಕೊಡಬೇಕು. ಕೇಳಿದರೆ ಅದನ್ನು ಕನ್ನಡದಲ್ಲೇ ಕೊಡಬೇಕು. ಕೇಳುವವರೇ ಕಡಿಮೆ.

60 ತಿಂಗಳು ಸತತವಾಗಿ ನಡೆದ ಪಾಲಿಸಿಯ ಮೇಲೆ ‘ನೀವು ಮುಚ್ಚಿಟ್ಟಿರಿ’ ಎಂಬ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಬೇರೆ. ಇದು ಹಿಂದೆ ಎಂಟು ವರ್ಷ ಇತ್ತು. ‘ಐದು ವರ್ಷ ಕಳೆದರೆ ಎಲ್ಲ ಮಾಫಿ’ ಎಂದು ಇದನ್ನೇ ಮಾರುವವರಿದ್ದಾರೆ, ನಂಬಬೇಡಿ. ಐದು ವರ್ಷದೊಳಗೆ ಕಾಯಿಲೆ ಬಂದರೆ ಏನು ಎಂಬುದಕ್ಕೆ ಅವರ ಬಳಿ ಉತ್ತರವಿಲ್ಲ.

ಸಣ್ಣ ಉದ್ಯಮ ನಡೆಸುವವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ನಿಮ್ಮ ಮೊದಲ ಪ್ರಶ್ನೆ ಯಾವ ಕಂಪನಿಯ ಪಾಲಿಸಿ ಎಂಬುದಲ್ಲ, ನೌಕರರಿಗಾಗಿ ಸರ್ಕಾರ ನಡೆಸುವ ವಿಮೆಯಾದ ಇಎಸ್‌ಐ ನಿಮಗೆ ಅನ್ವಯಿಸುತ್ತದೆಯೇ ಎಂಬುದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳ ವೇತನ 21,000 ರೂಪಾಯಿ ಮೀರದವರಿಗೆ ಅದು ಕಡ್ಡಾಯ. ಮಾಲೀಕರ ಪಾಲು ಶೇ. 3.25, ನೌಕರರ ಪಾಲು ಶೇ. 0.75. 15,000 ವೇತನದವರಿಗೆ ಎರಡೂ ಸೇರಿ ತಿಂಗಳಿಗೆ 600ರ ಆಸುಪಾಸು; ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಖಾಸಗಿ ಪಾಲಿಸಿ ಇದೆ ಎಂದು ಇಎಸ್‌ಐ ಬಿಡುವಂತಿಲ್ಲ. ಎಷ್ಟೋ ಸಣ್ಣ ಸಂಸ್ಥೆಗಳು ನೋಟಿಸು ಬಂದ ಮೇಲೆ ಇದನ್ನು ತಿಳಿಯುತ್ತವೆ. ವೇತನ ನಡುವೆ 21,000 ದಾಟಿದರೆ ಆ ಆರು ತಿಂಗಳ ಕಂತಿನ ಅವಧಿ, ಅಂದರೆ ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್, ಮುಗಿಯುವ ತನಕ ಕಟ್ಟುತ್ತಿರಬೇಕು. ಇಎಸ್‌ಐ ಆಸ್ಪತ್ರೆಯ ಸಾಲು, ಓಡಾಟ ನಿಜವೇ. ಆದರೂ ಕಾಯಿಲೆ ಬಿದ್ದ ದಿನಗಳಿಗೆ ವೇತನದ ಶೇ. 70ರಂತೆ ವರ್ಷಕ್ಕೆ 91 ದಿನದವರೆಗೆ ನಗದು ಕೊಡುವ ಖಾಸಗಿ ಗುಂಪು ಪಾಲಿಸಿಯನ್ನು ಹುಡುಕಿ ನೋಡಿ, ಆಮೇಲೆ ಇಎಸ್‌ಐಯನ್ನು ಹಳಿಯೋಣ.

21,000 ಮೀರಿದವರಿಗೆ, ಅಥವಾ ಹತ್ತು ಜನ ಇಲ್ಲದ ಕಡೆ, ಗುಂಪು ಪಾಲಿಸಿ. ಸಾಮಾನ್ಯವಾಗಿ ಏಳು ಜನರಿಂದ ಕಂಪನಿಗಳು ಒಪ್ಪುತ್ತವೆ. ಇದರ ದೊಡ್ಡ ಲಾಭವೆಂದರೆ ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಮಾತಾಡಿ ಪಡೆಯಬಹುದು. ಶುಗರ್ ಇರುವ ನೌಕರರಿಗೆ ಇದು ಬೇರೆಲ್ಲೂ ಸಿಗದ ಸೌಲಭ್ಯ. ಹೆರಿಗೆಯ ಕಾಯುವ ಅವಧಿಯನ್ನೂ ತೆಗೆಸಬಹುದು. ತಂದೆ ತಾಯಿಯನ್ನು ಸೇರಿಸುವಾಗ ಎಚ್ಚರ. ‘ಬೇಕಾದವರು ಸೇರಿಸಿಕೊಳ್ಳಿ’ ಎಂದು ಬಿಟ್ಟರೆ ಮನೆಯಲ್ಲಿ ಕಾಯಿಲೆಯವರು ಇರುವವರಷ್ಟೇ ಸೇರಿಸುತ್ತಾರೆ, ಕ್ಲೇಮು ಏರುತ್ತದೆ. ಮೂರು ಲಕ್ಷ ಪ್ರೀಮಿಯಂಗೆ ನಾಲ್ಕೂವರೆ ಲಕ್ಷ ಕ್ಲೇಮು ಆಗಿದ್ದರೆ ಮುಂದಿನ ವರ್ಷದ ದರ ಆ ಶೇ. 150ನ್ನು ನೋಡಿಯೇ ಬರುತ್ತದೆ. ಪೋಷಕರಿಗೆ ಕೋ-ಪೇ ಇಟ್ಟು, ಮೊತ್ತಕ್ಕೆ ಪ್ರತ್ಯೇಕ ಮಿತಿ ಹಾಕಿ, ಎಲ್ಲರಿಗೂ ಒಂದೇ ನಿಯಮ ಮಾಡುವುದು ಬಾಳಿಕೆ ಬರುವ ದಾರಿ.

ಗುಂಪು ಪಾಲಿಸಿ ಕೈಕೊಡುವುದು ಹೆಚ್ಚಾಗಿ ಕಚೇರಿಯ ಮೇಜಿನಲ್ಲೇ. ಹೊಸಬರು ಸೇರಿದಾಗ, ಮದುವೆಯಾದಾಗ, ಮಗು ಹುಟ್ಟಿದಾಗ ಪಾಲಿಸಿಯಲ್ಲಿ ಹೇಳಿದ ದಿನಗಳೊಳಗೆ ಹೆಸರು ಕಳಿಸಬೇಕು. ತಡವಾದರೆ ಮುಂದಿನ ನವೀಕರಣದವರೆಗೆ ಸೇರಿಸುವುದೇ ಇಲ್ಲ ಎನ್ನಬಹುದು. ಹೊಸ ಹೆಸರುಗಳ ಪ್ರೀಮಿಯಂ ಕಡಿತವಾಗುವುದು ನೀವು ಮೊದಲೇ ಕಟ್ಟಿಟ್ಟ ಠೇವಣಿಯಿಂದ, ಅದನ್ನು ಸಿಡಿ ಬ್ಯಾಲೆನ್ಸ್ ಎನ್ನುತ್ತಾರೆ. ಅದು ಖಾಲಿಯಾಗಿದ್ದರೆ ಇಮೇಲ್ ಹೋಗಿದ್ದರೂ ರಕ್ಷಣೆ ಶುರುವಾಗಿರುವುದಿಲ್ಲ. ಆಧಾರಿನಲ್ಲಿ ಒಂದು ಹೆಸರು, ಪಟ್ಟಿಯಲ್ಲಿ ಇನ್ನೊಂದು ಇದ್ದರೆ ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ ಸೌಲಭ್ಯ, ಆಸ್ಪತ್ರೆಯ ಕೌಂಟರಿನಲ್ಲೇ ನಿಲ್ಲುತ್ತದೆ. ಏಳು ಜನ ತುಂಬಿಸಲು ಅಣ್ಣನ ಮಗನನ್ನೋ ಭಾವನನ್ನೋ ನೌಕರರೆಂದು ಬರೆಸುವ ಜಾಣತನವೂ ನಡೆಯುತ್ತದೆ. ಕ್ಲೇಮು ಬಂದಾಗ ವೇತನದ ದಾಖಲೆ ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ಐದಾರು ಜನರ ಅಂಗಡಿಯಾದರೆ ಒಬ್ಬೊಬ್ಬರಿಗೂ ವೈಯಕ್ತಿಕ ಪಾಲಿಸಿ ಮಾಡಿಸಿ ಪ್ರೀಮಿಯಂ ನೀವು ಕೊಡುವುದೇ ನೇರ. ಜಿಎಸ್‌ಟಿ ಇಲ್ಲ, ಕೆಲಸ ಬಿಟ್ಟರೂ ಪಾಲಿಸಿ ಅವರ ಜೊತೆಗೇ ಹೋಗುತ್ತದೆ.

ಗುಂಪು ಪಾಲಿಸಿ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ‘ಆಫೀಸಿನದು ಇದೆಯಲ್ಲ’ ಎಂದು ಐವತ್ತೆಂಟರವರೆಗೆ ಇದ್ದು, ಬಿಪಿ ಶುಗರ್ ಎರಡನ್ನೂ ಇಟ್ಟುಕೊಂಡು ಸ್ವಂತದ್ದು ಹುಡುಕಲು ಹೊರಟರೆ ಆಗಿನ ದರ, ಆಗಿನ ಕಾಯುವ ಅವಧಿ. ನೌಕರರೂ ಮೂವತ್ತರ ಹೊತ್ತಿಗೆ ಒಂದು ಸಣ್ಣ ಸ್ವಂತ ಪಾಲಿಸಿ, ಇಲ್ಲವೇ ಒಂದು ಸೂಪರ್ ಟಾಪ್-ಅಪ್ ಇಟ್ಟುಕೊಂಡರೆ ಗಡಿಯಾರ ಆಗಲೇ ಓಡುತ್ತಿರುತ್ತದೆ. ಕೆಲಸ ಬಿಡುವಾಗ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬಹುದು. ಬಿಡುವ ಮುಂಚೆಯೇ ಕೇಳಿ.

ಕಡೆಯದಾಗಿ ಕ್ಲೇಮು. ಮೊದಲೇ ಗೊತ್ತಿರುವ ಆಪರೇಷನ್ನಾದರೆ 48 ಗಂಟೆ ಮುಂಚೆ ತಿಳಿಸಿ, ತುರ್ತಾದರೆ ಸೇರಿದ 24 ಗಂಟೆಯೊಳಗೆ ಫೋನ್ ಮಾಡಿಬಿಡಿ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕೆಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ; ಮೂರು ಗಂಟೆ ಮೀರಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಹಾಗಾಗಿ ಕೋರಿಕೆ ಹೋದ ಸಮಯ ಬರೆದಿಟ್ಟುಕೊಳ್ಳಿ. ಕ್ಯಾಶ್‌ಲೆಸ್ ನಿರಾಕರಿಸಿದರೆ ಕ್ಲೇಮೇ ಹೋಯಿತು ಎಂದಲ್ಲ. ಹಣ ಕಟ್ಟಿ, ದಾಖಲೆ ಸಲ್ಲಿಸಿ ಮರುಪಾವತಿ ಕೇಳಬಹುದು. ಬರೀ ಪರೀಕ್ಷೆಗೆಂದು ಸೇರಿಸಿಕೊಂಡ ದಿನಗಳಿಗೆ ಮಾತ್ರ ಹಣ ಬರುವುದಿಲ್ಲ.

ಬಿಡುಗಡೆಯ ದಿನ ಮನೆಗೆ ಹೋಗುವ ಆತುರದಲ್ಲಿ ಡಿಸ್ಚಾರ್ಜ್ ಸಮ್ಮರಿ ಓದದೆ ಬರುತ್ತಾರೆ. ಕ್ಲೇಮು ಬಿದ್ದುಹೋಗಲು ಅದರಲ್ಲಿ ‘ಐದು ವರ್ಷದಿಂದ ಬಿಪಿ’ ಎಂಬ ಒಂದು ಸಾಲು ಸಾಕು. ನಿಮಗಿರುವುದು ಐದು ತಿಂಗಳಿಂದ, ಡ್ಯೂಟಿ ಡಾಕ್ಟರು ಅವಸರದಲ್ಲಿ ವರ್ಷ ಎಂದು ಬರೆದಿರಬಹುದು. ಅಲ್ಲೇ ಓದಿ, ತಪ್ಪಿದ್ದರೆ ಚಿಕಿತ್ಸೆ ಕೊಟ್ಟ ವೈದ್ಯರ ಸಹಿಯೊಂದಿಗೆ ತಿದ್ದಿಸಿ. ಮನೆಗೆ ಬಂದ ಮೇಲೆ ತಂದ ತಿದ್ದುಪಡಿ ಪತ್ರವನ್ನು ಕಂಪನಿ ಅನುಮಾನದಿಂದಲೇ ನೋಡುತ್ತದೆ. ಬಾಬತುವಾರು ಬಿಲ್ಲು, ಹಣ ಕಟ್ಟಿದ ರಸೀದಿ, ಔಷಧ ಚೀಟಿ, ಪರೀಕ್ಷೆಯ ವರದಿ, ಇಂಪ್ಲಾಂಟ್ ಹಾಕಿದ್ದರೆ ಅದರ ಸ್ಟಿಕರ್, ಅಪಘಾತವಾದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಲು ಆಸ್ಪತ್ರೆ ಬರೆಯುವ ದಾಖಲೆ) ಪ್ರತಿ ಇವನ್ನು ತೆಗೆದುಕೊಂಡೇ ಹೊರಡಿ.

ತಿರಸ್ಕಾರ ಬಂದರೆ ಯಾವ ಷರತ್ತಿನಡಿ ಎಂದು ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ, ಬೇಕಾದರೆ ಐಆರ್‌ಡಿಎಐನ ಬಿಮಾ ಭರೋಸಾ ತಾಣದಲ್ಲಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಒಬ್ಬರೇ ಮಾಲೀಕರಿರುವ ಸಂಸ್ಥೆ, ಅತಿ ಸಣ್ಣ ಉದ್ಯಮಗಳ ಪಾಲಿಸಿಯೂ ಅವರ ವ್ಯಾಪ್ತಿಗೆ ಬರುತ್ತದೆ. ಆದೇಶ ತಲುಪಿದ 30 ದಿನದಲ್ಲಿ ಕಂಪನಿ ಹಣ ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ದಂಡ, ಅದೂ ದೂರು ಕೊಟ್ಟವರಿಗೇ. ಆದೇಶದ ಪ್ರತಿ ಕೈಗೆ ಬಂದ ಕೂಡಲೇ ದಿನಾಂಕ ಗುರುತಿಸಿಕೊಳ್ಳಿ.